ಉಪ್ಪಾಗೆ ಒಣಗಿಸಿದ ಬೆಂಕಿ

‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಅಂತ ಬರೆದಿರೋ ತೂಕ ಇಳಿಸುವ ಮಾತ್ರೆ ಡಬ್ಬಿಯನ್ನ ನೀವು ನೋಡಿರ್ತೀರಿ, ಜಿಮ್ಮಿಗೆ ಹೋಗೋ ಟೀಮ್‌ಮೇಟ್ ಡೆಸ್ಕಿನ ಮೇಲಾದ್ರೂ. ಅದು ನಮ್ಮ ಶಿರಸಿ, ಸಿದ್ದಾಪುರದ ಕಾಡಿನ ಉಪ್ಪಾಗೆ. ಕೇರಳದವರು ಮೀನು ಸಾರಿಗೆ ಹಾಕೋ ಕುಡಂಪುಳಿಯೂ ಇದೇ, ಕೊಡಗಿನ ಪಂದಿ ಕರಿಯ ಕಪ್ಪು ಕಾಚಂಪುಳಿಯೂ ಇದರದ್ದೇ. ನಮ್ಮ ಕಡೆಯ ಹಳಬರಿಗೆ ಬೀಜದ ಮೇಲೆ ಇನ್ನೂ ಪ್ರೀತಿ. ಅದರಿಂದ ಉಪ್ಪಾಗೆ ತುಪ್ಪ ತೆಗೀತಿದ್ರು.

ಕಾಡಿನ ಹಣ್ಣು ಅಮೆರಿಕದ ಅಂಗಡಿ ಸೇರಿದ ಕತೆಯಲ್ಲಿ ಮೈಸೂರೂ ಬರುತ್ತೆ. ಈ ಹುಳಿಯನ್ನ ಮೊದಲು ಸಿಟ್ರಿಕ್, ಟಾರ್ಟಾರಿಕ್ ಆಮ್ಲ ಅಂದುಕೊಂಡಿದ್ದರು. ಅಲ್ಲಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ, ಇದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ತೋರಿಸಿದರು. ಅದು ಕೊಬ್ಬು ತಯಾರಾಗೋದನ್ನ ತಡೆಯುತ್ತೆ ಅನ್ನೋದು ಆಮೇಲೆ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿತು. 1990ರ ದಶಕದಲ್ಲಿ ಸಿಪ್ಪೆಗೆ ಒಮ್ಮೆಲೇ ಬೆಲೆ ಬಂತು. ಯಾರೂ ಕಣ್ಣೆತ್ತಿ ನೋಡದ ಮರಕ್ಕೆ ಪೈಪೋಟಿ ಶುರುವಾಯ್ತು. ಬೇರೆಯವರು ಕೊಯ್ದುಬಿಡ್ತಾರೆ ಅಂತ ಕಾಯಿ ಇರುವಾಗಲೇ ಕೊಯ್ದರು, ಕೊಂಬೆಯನ್ನೂ ಕಡಿದರು.

ನಿಜವಾದ ಸಮಸ್ಯೆ ಅದಲ್ಲ, ಒಣಗಿಸೋದು. ಇದರ ದಾಯಾದಿ ಮುರುಗಲು ಬೇಸಿಗೆಯಲ್ಲಿ ಹಣ್ಣಾಗುತ್ತೆ, ಅಂಗಳದಲ್ಲಿ ಹರವಿದರೆ ಬಿಸಿಲೇ ಕೆಲಸ ಮುಗಿಸುತ್ತೆ. ಉಪ್ಪಾಗೆ ಹಣ್ಣಾಗೋದು ಜೂನ್‌ನಿಂದ ಆಗಸ್ಟ್, ಮಲೆನಾಡಲ್ಲಿ ಬಟ್ಟೆಯೂ ಒಣಗದ ಹೊತ್ತಲ್ಲಿ. ಹಸಿ ಸಿಪ್ಪೆ ಬೇಗ ಬೂಸ್ಟು ಹಿಡಿಯುತ್ತೆ. ಆದ್ದರಿಂದ ದಬ್ಬೆಯ ತಟ್ಟಿ ಮೇಲೆ ಹರವಿ, ಕೆಳಗೆ ಹಗಲೂ ರಾತ್ರಿ ಬೆಂಕಿ. ತೆರೆದ ಬೆಂಕಿಯ ಶಾಖದಲ್ಲಿ ಬಹುಪಾಲು ಪಕ್ಕಕ್ಕೇ ಹೋಗುತ್ತೆ, ಸಿಪ್ಪೆಗೆ ಹೊಗೆ ಹಿಡಿಯುತ್ತೆ, ಹೆಂಗಸರ ಕಣ್ಣಿಗೂ. ಸೌದೆ ಮತ್ತೆ ಕಾಡಿಂದಲೇ! ಮರ ಕಡಿಯದೆ ಕಾಡಿನಿಂದ ಬದುಕೋದಕ್ಕೆ ಉಪ್ಪಾಗೆ ಒಳ್ಳೇ ಉದಾಹರಣೆ ಅಂತ ಭಾಷಣ ಮಾಡೋರು ಈ ಲೆಕ್ಕ ಹಾಕೋದೇ ಇಲ್ಲ.

ಇಲ್ಲಿ ಇನ್ನೊಂದು ಪ್ರಯೋಗಾಲಯ ಬರುತ್ತೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’. ಅಸ್ತ್ರ ಒಲೆ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತೆ: ಮುಚ್ಚಿದ ಉರಿಗೂಡು, ಕೆಳಗೆ ಜಾಲರಿ, ಹೊಗೆಗೆ ಚಿಮಣಿ. ರಾಕೆಟ್ ಸೈನ್ಸ್ ಏನಲ್ಲ, ಬೆಂಕಿಗೆ ಸರಿಯಾಗಿ ಗಾಳಿ ಕೊಟ್ಟು ಶಾಖ ಸೋರದಂತೆ ಹಿಡಿಯೋದು ಅಷ್ಟೆ. ಇದೇ ತತ್ತ್ವದ ಡ್ರೈಯರ್‌ಗಳು ನಮ್ಮ ಜಿಲ್ಲೆಗೂ ಬಂದವು. ಹೊಗೆ ಹೊರಗೆ, ಬಿಸಿಗಾಳಿ ಮಾತ್ರ ತಟ್ಟೆಗಳಿಗೆ, ಸೌದೆಯೂ ಕಡಿಮೆ.

ನನಗೆ ಇದರಲ್ಲಿ ಮುಖ್ಯ ಅನಿಸೋದು ಸೌದೆಗಿಂತ ಚೌಕಾಸಿ. ಹಸಿ ಸಿಪ್ಪೆ ಇಟ್ಟುಕೊಂಡವನು ಇವತ್ತೇ ಮಾರಬೇಕು, ವ್ಯಾಪಾರಿ ಹೇಳಿದ್ದೇ ರೇಟು. ಒಣಗಿದ್ದನ್ನ ಇಟ್ಟುಕೊಂಡವನು ‘ನಾಳೆ ನೋಡೋಣ’ ಅನ್ನಬಹುದು. ಲ್ಯಾಬಿನ ಎಷ್ಟೋ ಪೇಪರ್‌ಗಳು ಕೊಡದ ಆ ಒಂದು ಮಾತನ್ನ ಇಟ್ಟಿಗೆ ಗೂಡು ಕೊಡುತ್ತೆ. ಆದರೆ ಗೂಡು ಕಟ್ಟೋಕೂ ದುಡ್ಡು ಬೇಕು, ಜಾಗ ಬೇಕು. ತೋಟ, ಕೊಟ್ಟಿಗೆ ಇದ್ದವರಿಗೆ ಅದು ಸುಲಭ. ಕಾಡು ಸುತ್ತಿ ಹಣ್ಣು ಹೆಕ್ಕೋ ಕೂಲಿಯವರಿಗೆ ನಾಲ್ಕಾರು ಮನೆ ಸೇರಿದರೆ ಮಾತ್ರ.

ಅಂದ ಹಾಗೆ, 1998ರಲ್ಲಿ ಅಮೆರಿಕದ ವೈದ್ಯರು 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿ, ಈ ಮಾತ್ರೆಗೂ ಸುಳ್ಳು ಮಾತ್ರೆಗೂ ತೂಕ ಇಳಿಸೋದರಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಬರೆದರು. ಡಬ್ಬಿಗಳು ಇನ್ನೂ ಮಾರಾಟ ಆಗ್ತಾನೇ ಇವೆ. ಅದು ನಿಂತರೂ ಬಿಸಿಗಾಳಿ ಗೂಡಿಗೆ ಕೆಲಸ ತಪ್ಪಲ್ಲ. ಉಪ್ಪಾಗೆ ಮುಗಿಯೋ ಹೊತ್ತಿಗೆ ಏಲಕ್ಕಿ ಕೊಯ್ಲು ಶುರು, ಆಗಲೂ ಮಳೆ ಬಿಟ್ಟಿರಲ್ಲ.