ಕೋಟ ಶ್ರೀನಿವಾಸ ರಾವ್: ಬ್ಯಾಂಕ್ ನೌಕರಿಯಿಂದ 750 ಸಿನಿಮಾವರೆಗೆ

ತೆಲುಗು ಸಿನಿಮಾ ನೋಡೋ ಗಡಿ ತಾಲೂಕುಗಳಲ್ಲಿ ಹೆಸರು ಗೊತ್ತಿಲ್ಲದವರಿಗೂ ಈ ಮುಖ ಗೊತ್ತು. ಕೋಳಿಯನ್ನು ಸೂರಿಗೆ ನೇತುಹಾಕಿ, ಅದನ್ನೇ ನೋಡ್ತಾ ಬರೀ ಅನ್ನ ತಿನ್ನೋ ಜಿಪುಣ ಅಂದ್ರೆ ಸಾಕು, 'ಓ, ಅವರಾ' ಅಂತಾರೆ. ಅವರೇ ಕೋಟ ಶ್ರೀನಿವಾಸ ರಾವ್. ಹೀರೋ ಆಗದೆ, ವಿಲನ್, ಕಾಮಿಡಿ, ಅಪ್ಪ, ತಾತ, ರಾಜಕಾರಣಿ ಹೀಗೆ ಪೋಷಕ ಪಾತ್ರಗಳಲ್ಲೇ 750ಕ್ಕೂ ಹೆಚ್ಚು ಸಿನಿಮಾ ಮಾಡಿದವರು.

ಹುಟ್ಟು, ನಾಟಕ, ಬ್ಯಾಂಕ್

ಆಂಧ್ರದ ಕೃಷ್ಣಾ ಜಿಲ್ಲೆಯ ಕಂಕಿಪಾಡುವಿನಲ್ಲಿ 1942ರ ಜುಲೈ 10ರಂದು ಜನನ. ತಂದೆ ಡಾಕ್ಟರ್. ಮಗನಿಗೂ ಡಾಕ್ಟರ್ ಆಗೋ ಆಸೆ ಇತ್ತು, ಆದರೆ ಕಾಲೇಜಿನಲ್ಲಿ ನಾಟಕದ ರುಚಿ ಹತ್ತಿತು. ಮುಂದೆ ಸ್ಟೇಟ್ ಬ್ಯಾಂಕ್‌ನಲ್ಲಿ ಕೆಲಸ ಸಿಕ್ಕಿತು. ಹಗಲು ಬ್ಯಾಂಕು, ಸಂಜೆ ರಂಗಸ್ಥಳ.

'ಪ್ರಾಣಂ ಖರೀದು' ನಾಟಕ 1978ರಲ್ಲಿ ಅದೇ ಹೆಸರಿನ ಸಿನಿಮಾ ಆಯ್ತು. ಕೋಟ ತೆರೆಗೆ ಬಂದದ್ದು ಅದರಿಂದಲೇ. ಚಿರಂಜೀವಿ ಅವರ ಮೊದಲು ಬಿಡುಗಡೆಯಾದ ಸಿನಿಮಾ ಕೂಡ ಅದೇ. ಆಗ ಕೋಟ ಅವರಿಗೆ 36 ವರ್ಷ. ಒಂದು ಸಿನಿಮಾ ಬಂತು ಅಂತ ಅವರು ಕೆಲಸ ಬಿಡಲಿಲ್ಲ. ಸಂಬಳದ ನೌಕರಿ ಇಟ್ಟುಕೊಂಡೇ ವರ್ಷಗಟ್ಟಲೆ ಕಾದರು. ಅವಕಾಶ ಜಾಸ್ತಿ ಆದ ಮೇಲಷ್ಟೇ ಬ್ಯಾಂಕ್ ಬಿಟ್ಟದ್ದು.

ಹೆಸರು ತಂದ ಎರಡು ಸಿನಿಮಾ

ಮೊದಲನೆಯದು 1985ರ 'ಪ್ರತಿಘಟನ'. ಟಿ. ಕೃಷ್ಣ ನಿರ್ದೇಶನ, ವಿಜಯಶಾಂತಿ ನಾಯಕಿ. ರೌಡಿ ಕಾಳಿಯಾಗಿ ನಟಿಸಿದವರು ನಮ್ಮ ಬೆಳಗಾವಿಯ ಚರಣ್ ರಾಜ್. ಕೋಟ ಅವರದ್ದು ಮಂತ್ರಿ ಪಾತ್ರ. ಕೃಷ್ಣಾ ಜಿಲ್ಲೆಯವರಾದರೂ ಆ ಮಂತ್ರಿ ಬಾಯಲ್ಲಿ ತೆಲಂಗಾಣದ ಮಾತು ಆಡಿಸಿದರು. ಜನ ತಲೆದೂಗಿದರು. ಒಂದೊಂದು ಪಾತ್ರಕ್ಕೆ ಒಂದೊಂದು ಸೀಮೆಯ ಮಾತು ಅನ್ನೋದು ಅವರ ಗುರುತೇ ಆಗಿಹೋಯ್ತು.

ಎರಡನೆಯದು 1987ರ 'ಅಹಾ ನಾ ಪೆಳ್ಳಂಟ'. ಜಂಧ್ಯಾಲ ನಿರ್ದೇಶನ, ಡಿ. ರಾಮಾನಾಯ್ಡು ನಿರ್ಮಾಣ. ಜಿಪುಣ ಲಕ್ಷ್ಮೀಪತಿ ಬಟ್ಟೆ ಸವೆಯುತ್ತೆ ಅಂತ ಪೇಪರ್ ಸುತ್ತಿಕೊಳ್ಳೋದು, ಕೋಳಿ ನೋಡ್ತಾ ಉಣ್ಣೋದು ಇದರಲ್ಲೇ. ಬ್ರಹ್ಮಾನಂದಂ ಅವರಿಗೂ ಹೆಸರು ತಂದ ಸಿನಿಮಾ ಇದು. ಆಗ ಕೋಟ ಅವರಿಗೆ 45. ಬೇರೆಯವರು ಸಾಕು ಅನ್ನೋ ವಯಸ್ಸಲ್ಲಿ ಅವರ ದುಡಿಮೆ ಶುರುವಾಯ್ತು.

ಅದೇ 1987ರಲ್ಲಿ 'ಮಂಡಲಾಧೀಶುಡು' ಬಂತು. ಆಗಿನ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರನ್ನೇ ಹೋಲುವ ಪಾತ್ರ. ಎನ್‌ಟಿಆರ್ ಅಭಿಮಾನಿಗಳ ಸಿಟ್ಟು ಸಿನಿಮಾದವರ ಮೇಲಷ್ಟೇ ಅಲ್ಲ, ಪಾತ್ರ ಮಾಡಿದ ಕೋಟ ಮೇಲೂ ತಿರುಗಿತು.

ನಗಿಸಿದ್ದು, ಹೆದರಿಸಿದ್ದು

1991ರ 'ಮಾಮಗಾರು' ಬಂದ ಮೇಲೆ ಕೋಟ ಮತ್ತು ಬಾಬು ಮೋಹನ್ ಜೋಡಿ ಇದ್ದರೆ ನಗು ಗ್ಯಾರಂಟಿ ಅನ್ನುವಂತಾಯ್ತು. ಇನ್ನೊಂದು ಕಡೆ 'ಗಾಯಂ' (1993), 'ಗಣೇಶ್' (1998) ಸಿನಿಮಾಗಳಲ್ಲಿ ಮೈ ಉರಿಸೋ ವಿಲನ್. 'ಗಣೇಶ್'ನಲ್ಲಿ ಆರೋಗ್ಯ ಮಂತ್ರಿಯ ಪಾತ್ರ. 2006ರ 'ಬೊಮ್ಮರಿಲ್ಲು'ವಿನಲ್ಲಿ ನಾಯಕಿಯ ಅಪ್ಪ. ತಮಿಳಿನ 'ಸಾಮಿ' (2003), ಹಿಂದಿಯ 'ಸರ್ಕಾರ್' (2005) ಹೊರಗಡೆ ಹೆಸರು ತಂದವು. ಕನ್ನಡದಲ್ಲೂ ನಟಿಸಿದ್ದಾರೆ.

ಬಳ್ಳಾರಿ ಕಡೆಯವರು ನೆನಪಿಡಬೇಕಾದ ಸಿನಿಮಾ 2012ರ 'ಕೃಷ್ಣಂ ವಂದೇ ಜಗದ್ಗುರುಂ'. ಬಳ್ಳಾರಿ ಗಣಿ ಧೂಳಿನ ಕಥೆ. ಅದರಲ್ಲಿ ಕೋಟ ಸುರಭಿ ನಾಟಕ ಕಂಪನಿಯ ಹಿರಿಯ, ನಾಯಕ ರಾಣಾನ ತಾತ. ನಾಟಕ ಉಳಿಯಬೇಕು ಅಂತ ಒದ್ದಾಡೋ ಆ ಪಾತ್ರವನ್ನು ನಾಟಕದಿಂದಲೇ ಬಂದವರು ಮಾಡಿದ್ದರಿಂದ ತೂಕ ಹೆಚ್ಚಾಯ್ತು.

ರಾಜಕೀಯ ಮತ್ತು ನೇರ ಮಾತು

1999ರಲ್ಲಿ ಬಿಜೆಪಿಯಿಂದ ವಿಜಯವಾಡ ಪೂರ್ವ ಕ್ಷೇತ್ರದ ಶಾಸಕರಾದರು, 2004ರವರೆಗೆ ಇದ್ದರು. ತೆರೆ ಮೇಲೆ ಭ್ರಷ್ಟ ರಾಜಕಾರಣಿಯಾಗಿ ಬೈಸಿಕೊಂಡವರನ್ನೇ ಜನ ಓಟು ಹಾಕಿ ಗೆಲ್ಲಿಸಿದರು.

ಹೊರರಾಜ್ಯದ ನಟರನ್ನು ಕರೆತಂದು ಸ್ಥಳೀಯ ಕಲಾವಿದರನ್ನು ಮನೆಯಲ್ಲಿ ಕೂರಿಸ್ತಾರೆ ಅಂತ ಅವರು ಬಹಿರಂಗವಾಗಿ ಬೇಸರ ಹೇಳುತ್ತಿದ್ದರು. ಅವರೇ ತಮಿಳು, ಹಿಂದಿಗೆ ಹೋಗಿ ದುಡಿದವರಲ್ಲವಾ ಅಂತ ಯಾರಾದರೂ ಕೇಳಬಹುದು. ಆದರೆ ದೊಡ್ಡ ನಟರಿಗೆ ಎಲ್ಲ ಕಡೆ ಬಾಗಿಲು ತೆರೆದಿರುತ್ತೆ. ಎರಡು ದಿನದ ಕಾಲ್‌ಶೀಟ್ ನಂಬಿ ಮನೆ ನಡೆಸೋ ಸಣ್ಣ ಕಲಾವಿದನಿಗೆ ಊರಲ್ಲೇ ಕೆಲಸ ಸಿಗಬೇಕು. ಅವರ ಮಾತಿನ ತೂಕ ಇರೋದು ಅಲ್ಲಿ.

ಮಗನ ಸಾವು

ಮಗ ಕೋಟ ಪ್ರಸಾದ್ ಕೂಡ ನಟ. 2010ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಆ ನೋವು ಕೋಟ ಅವರನ್ನು ಕೊನೆವರೆಗೂ ಬಿಡಲಿಲ್ಲ. ಆದರೂ ಮತ್ತೆ ಬಣ್ಣ ಹಚ್ಚಿದರು. ಎರಡೇ ವರ್ಷಕ್ಕೆ 'ಗಬ್ಬರ್ ಸಿಂಗ್'ನಲ್ಲಿ ಕುಡುಕರ ಹಾಡೊಂದನ್ನು ತಾವೇ ಹಾಡಿ ಥಿಯೇಟರ್‌ನಲ್ಲಿ ಶಿಳ್ಳೆ ಹೊಡೆಸಿದರು.

ಪ್ರಶಸ್ತಿ, ನಿಧನ

ಒಂಬತ್ತು ನಂದಿ ಪ್ರಶಸ್ತಿಗಳು ಬಂದಿವೆ. ವಿಲನ್ ಪಾತ್ರಕ್ಕೂ ಬಂತು, ಪೋಷಕ ಪಾತ್ರಕ್ಕೂ ಬಂತು. 2015ರಲ್ಲಿ ಪದ್ಮಶ್ರೀ. 83 ತುಂಬಿ ಮೂರೇ ದಿನಕ್ಕೆ, 2025ರ ಜುಲೈ 13ರಂದು ಹೈದರಾಬಾದಿನ ಮನೆಯಲ್ಲಿ ನಿಧನರಾದರು. ಮರುದಿನವೇ ಬೆಂಗಳೂರಿನಲ್ಲಿ ಬಿ. ಸರೋಜಾದೇವಿ ಹೋದರು. ಎರಡೂ ಭಾಷೆಯ ಸಿನಿಮಾ ನೋಡೋ ಗಡಿ ಊರಿನವರಿಗೆ ಎರಡು ದಿನದಲ್ಲಿ ಎರಡು ಸಾವು.

ಹೊಸಬರು ಯಾವುದು ನೋಡಬೇಕು?

ನಗೋಕೆ 'ಅಹಾ ನಾ ಪೆಳ್ಳಂಟ'. ಸಿಟ್ಟು ಬರೋಕೆ 'ಗಣೇಶ್'. ಕಣ್ಣು ಒದ್ದೆ ಆಗೋಕೆ 2004ರ 'ಆ ನಲುಗುರು'. ಅದರಲ್ಲಿ ಕೋಟ ಬಡ್ಡಿ ವ್ಯವಹಾರದ ಕೋಟಯ್ಯ. ಅಂಗಡಿ ಇಟ್ಟವರು, ಕೊಟ್ಟು ತಗೊಳ್ಳೋ ವ್ಯವಹಾರ ಇರೋರು ಇದೊಂದನ್ನು ತಪ್ಪದೆ ನೋಡಬೇಕು.