ಜೀಪು ಹೊತ್ತ ಪಟ್ಟಿಗಳು

1941ರಲ್ಲಿ ಯುದ್ಧಕ್ಕೆಂದು ತಯಾರಾದ ವಿಲ್ಲೀಸ್ ಜೀಪು ಹೊಸದು. ಅದನ್ನು ಹೊತ್ತ ಲೀಫ್ ಸ್ಪ್ರಿಂಗು ಸಾರೋಟಿನ ಕಾಲದ್ದು. ಲಂಡನ್ನಿನ ಒಬಡಯಾ ಎಲಿಯಟ್ 1804ರಲ್ಲೇ ಅಂಥ ಸ್ಪ್ರಿಂಗಿಗೆ ಪೇಟೆಂಟ್ ಪಡೆದಿದ್ದ. ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟಿಗಳು ಬಾಗಿ ಭಾರ ಹೊರುತ್ತವೆ, ಪರಸ್ಪರ ಉಜ್ಜಿಕೊಂಡು ಕುಲುಕಾಟ ತಗ್ಗಿಸುತ್ತವೆ. ಅವನ್ನು ಆಕ್ಸಲ್ಲಿಗೆ ಬಿಗಿಯುವುದು ಯೂ-ಬೋಲ್ಟ್.

1947ರಲ್ಲಿ ಮಹೀಂದ್ರಾ ಮುಂಬಯಿಯಲ್ಲಿ ಈ ಜೀಪನ್ನು ಜೋಡಿಸತೊಡಗಿತು. ಮುಂದೆ ಅದು ನಮ್ಮ ಮಲೆನಾಡಿನ ತೋಟದ ಹಾದಿಗಳನ್ನೂ ಹತ್ತಿತು. ಪಟ್ಟಿ ಮುರಿದರೆ ಊರಿನ ಗ್ಯಾರೇಜಿನಲ್ಲೇ ಬದಲಿಸಬಹುದು ಎಂಬುದೇ ಅದರ ದೀರ್ಘಾಯುಷ್ಯದ ಒಂದು ಗುಟ್ಟು.

ಆದರೆ ಹೊಸ ಪಟ್ಟಿಗೆ ಹಳೆಯ ಯೂ-ಬೋಲ್ಟ್ ಹಾಕಬಾರದು. ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ. ಅದು ಸಡಿಲವಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜಾರೀತು. ಹೊಸದನ್ನೂ ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಘಾಟಿಯ ತಿರುವಿನಲ್ಲಿ ಕೂತವರ ಜೀವ ಆ ನಟ್ಟುಗಳ ಮೇಲಿದೆ.