ಸುಮಂಗಲಿ ಯೋಜನೆ: ಮದುವೆ ಹಣದ ಆಸೆಗೆ ಗಿರಣಿ ಸೇರಿದ ಹೆಣ್ಣುಮಕ್ಕಳು

'ಸುಮಂಗಲಿ' ಎಂದರೆ ಮುತ್ತೈದೆ. ತಮಿಳುನಾಡಿನ ದಿಂಡಿಗಲ್, ತೇನಿ, ಕೊಯಮತ್ತೂರು, ತಿರುಪ್ಪೂರು ಭಾಗದ ನೂಲಿನ ಗಿರಣಿಗಳು ಹದಿಹರೆಯದ ಹುಡುಗಿಯರನ್ನು ಕೆಲಸಕ್ಕೆ ಸೇರಿಸಿಕೊಂಡ ಪದ್ಧತಿಗೂ ಇದೇ ಹೆಸರು. ಇದು ಸರಕಾರದ ಯೋಜನೆ ಅಲ್ಲವೇ ಅಲ್ಲ.

ದಲ್ಲಾಳಿ ಹಳ್ಳಿಗೆ ಬರುತ್ತಾನೆ. ಮಗಳನ್ನು ಮೂರು ವರ್ಷ ಗಿರಣಿಗೆ ಕಳುಹಿಸಿ, ಊಟ-ವಸತಿ ಅಲ್ಲೇ, ಕೊನೆಗೆ ಮದುವೆಗೆಂದು ಒಂದೇ ಗಂಟಿನಲ್ಲಿ ಹಣ ಸಿಗುತ್ತದೆ ಎನ್ನುತ್ತಾನೆ. ಈ ಮೊತ್ತ ಸಾಮಾನ್ಯವಾಗಿ 30ರಿಂದ 60 ಸಾವಿರ ರೂಪಾಯಿ ಇರುತ್ತಿತ್ತು. ಅದು ಉಡುಗೊರೆ ಅಲ್ಲ, ಹುಡುಗಿಯ ಸಂಬಳದಲ್ಲೇ ಹಿಡಿದಿಟ್ಟ ದುಡ್ಡು. ಅವಧಿ ಮುಗಿಯುವ ಮೊದಲೇ ಕಾಯಿಲೆ ಬಿದ್ದು ಊರಿಗೆ ಮರಳಿದವರಲ್ಲಿ ಅನೇಕರಿಗೆ ಆ ಹಣ ಸಿಗಲೇ ಇಲ್ಲ. ಹಾಸ್ಟೆಲ್‌ನಿಂದ ಹೊರಗೆ ಹೋಗಲು ಬಿಡದಿರುವುದು, ಫೋನ್‌ಗೆ ಕಡಿವಾಣ, ಮಿತಿಮೀರಿದ ದುಡಿಮೆಯನ್ನು ನೆದರ್ಲೆಂಡ್ಸ್‌ನ ಎರಡು ಸಂಸ್ಥೆಗಳ 2011ರ ವರದಿ ಜಗತ್ತಿನ ಮುಂದಿಟ್ಟಿತು.

2021ರ ಜನವರಿಯಲ್ಲಿ ದಿಂಡಿಗಲ್‌ನ ನಾಚಿ ಅಪಾರೆಲ್ ಸಿದ್ಧ ಉಡುಪು ಕಾರ್ಖಾನೆಯ 20ರ ಹರೆಯದ ದಲಿತ ಕಾರ್ಮಿಕೆಯೊಬ್ಬಳ ಕೊಲೆಯಾಯಿತು. ಆಕೆಯ ಮೇಲ್ವಿಚಾರಕನನ್ನು ಪೊಲೀಸರು ಬಂಧಿಸಿದರು. ಆತ ಮೊದಲಿನಿಂದಲೂ ಕಿರುಕುಳ ಕೊಡುತ್ತಿದ್ದ ಎಂದು ಮನೆಯವರು, ಜೊತೆ ಕೆಲಸದವರು ಹೇಳಿದರು. 2022ರ ಜುಲೈಯಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ, ಬಲವಂತದ ದುಡಿಮೆಯ ಶಂಕೆಯ ಮೇಲೆ ಈ ಕಾರ್ಖಾನೆಯ ಮಾಲನ್ನು ಬಂದರಿನಲ್ಲೇ ತಡೆಯಲು ಆದೇಶಿಸಿತು. ಸುಧಾರಣೆ ಕಂಡುಬಂದ ಬಳಿಕ ಸೆಪ್ಟೆಂಬರ್‌ನಲ್ಲಿ ತಡೆ ತೆರವಾಯಿತು.

ಇದಕ್ಕೆ ಮೊದಲೇ, ಏಪ್ರಿಲ್‌ನಲ್ಲಿ 'ದಿಂಡಿಗಲ್ ಒಪ್ಪಂದ' ಆಗಿತ್ತು. ದಲಿತ ಮಹಿಳೆಯರ ಮುಂದಾಳತ್ವದ ಕಾರ್ಮಿಕ ಸಂಘ ಟಿಟಿಸಿಯು, ಮಾಲಕ ಕಂಪೆನಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಮತ್ತು ಖರೀದಿದಾರ ಎಚ್ ಅಂಡ್ ಎಂ ಇದರಲ್ಲಿ ಸೇರಿದ್ದವು. ಕಾರ್ಮಿಕರ ನಡುವಿನಿಂದಲೇ ಆರಿಸಿದವರು ಕಿರುಕುಳದ ಮೇಲೆ ನಿಗಾ ಇಡುವ ಏರ್ಪಾಡು ಅದರಲ್ಲಿತ್ತು. ದೂರು ಕೊಟ್ಟವರ ಮೇಲೆ ಸೇಡು ತೀರಿಸುವಂತಿರಲಿಲ್ಲ.

ವರದಕ್ಷಿಣೆ ಇರುವಲ್ಲೆಲ್ಲ ಸುಮಂಗಲಿಯಂಥ ಬಲೆಗೆ ಜಾಗ ಇದೆ. ಕರಾವಳಿಗೂ ಈ ಪಿಡುಗು ಹೊಸದಲ್ಲ.

ಗೊತ್ತಿರಲಿ: 1961ರ ಕಾನೂನಿನಂತೆ ವರದಕ್ಷಿಣೆ, 1976ರ ಕಾನೂನಿನಂತೆ ಜೀತ ಅಪರಾಧ. 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಮಕ್ಕಳ ಸಹಾಯವಾಣಿ 1098. ಮಹಿಳೆಯರಿಗೆ ಕಾನೂನು ನೆರವು ಉಚಿತ, ಸಂಖ್ಯೆ 15100.